ಕೆಂಪೆಣ್ಣೆಯ ಒಪ್ಪಂದ ಸತ್ತಿಲ್ಲ

ಮಾರ್ಚ್ 2, ಸೋಮವಾರ. ನೇಪರ್‌ವಿಲ್

ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತ ನಿಂತಿದ್ದಕ್ಕೆ ರೈಲು ತಪ್ಪಿತು. ಮುಂದಿನದರಲ್ಲಿ ಶಿಕಾಗೋವರೆಗೂ ನಿಂತೇ ಹೋದೆ. 19 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಏಳು ಕೆಳಗೆ. ಮಾರ್ಚ್ ಅಂತೆ ಮಾರ್ಚ್.

ಆಫೀಸಿಗೆ ಕಾಲಿಡುವಷ್ಟರಲ್ಲಿ ಫೆಬ್ರವರಿಯ ಹಡಗುಗಳ ಅಂಕಿ ಬಂದಿತ್ತು. ಕೆಂಪೆಣ್ಣೆಯಿಂದ ಕಪ್ಪೆಣ್ಣೆಗೆ ಹೋದ ಸರಕು ಅರ್ಧಕ್ಕರ್ಧ ಇಳಿದಿದೆ.

(ದೇಶಗಳ ಹೆಸರನ್ನು ಇಲ್ಲೂ ಬರೆಯುವುದಿಲ್ಲ. ಕಂಪನಿಯ ಕರಾರು. ಕಪ್ಪೆಣ್ಣೆ — ಕಚ್ಚಾ ತೈಲ ಮಾರುವ ಕೊಲ್ಲಿಯ ದೇಶ. ಕೆಂಪೆಣ್ಣೆ — ತಾಳೆ ಎಣ್ಣೆ ಮಾರುವ ದೇಶ. ಹೋದ ವರ್ಷ ಇಬ್ಬರೂ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು: ನಿನ್ನ ತೈಲ ನನಗೆ, ನನ್ನ ಎಣ್ಣೆ ನಿನಗೆ, ಸುಂಕ ಕಡಿಮೆ. ಆ ಜೋಡಿಯ ಮೇಲೆ ಕಣ್ಣಿಟ್ಟು ವರದಿ ಬರೆಯುವುದು ಈ ಜನವರಿಯಿಂದ ನನ್ನ ಪಾಲಿಗೆ ಬಂದಿದೆ. ಇಬ್ಬರಿಗಿಂತ ಹೆಚ್ಚು ನಾನೇ ಆ ಸಂಸಾರದ ಚಿಂತೆ ಮಾಡುತ್ತೇನೆ.)

ನಿರಂಜನ್ ಕಾಫಿ ಕಪ್ ಹಿಡಿದು ನನ್ನ ಡೆಸ್ಕಿಗೇ ಬಂದರು. ನಮ್ಮ ಟೀಮ್ ಹೆಡ್. ಮೈಸೂರಿನವರು. ಇಲ್ಲಿನ ಕನ್ನಡ ಕೂಟದ ಅಧ್ಯಕ್ಷರೂ ಅವರೇ.

"ಸ್ಟೋರಿ ಸಿಕ್ತಲ್ಲ ಶ್ರೀಲತಾ! ಪ್ಯಾಕ್ಟ್ ಈಸ್ ಡೆಡ್. ಈ ತಿಂಗಳ ಕೊನೆಗೆ ರಿಪೋರ್ಟ್. ಹೆಡ್‌ಲೈನ್ ಅದೇ ಇರಲಿ."

ಸತ್ತಿತಂತೆ. ಒಂದು ತಿಂಗಳ ಅಂಕಿಗೇ ತಿಥಿ ಊಟಕ್ಕೆ ಕೂತುಬಿಟ್ಟರು.


ಮಾರ್ಚ್ 4, ಬುಧವಾರ

ರಂಜಾನ್! ನಿನ್ನೆಯಿಂದ ತಲೆಯಲ್ಲಿ ಏನೋ ಕೊರೆಯುತ್ತಿತ್ತು. ಇವತ್ತು ರೈಲಿನಲ್ಲಿ ಹೊಳೆಯಿತು.

ಕಪ್ಪೆಣ್ಣೆಯವರು ವರ್ಷದಲ್ಲೇ ಹೆಚ್ಚು ತಾಳೆ ಎಣ್ಣೆ ಕೊಳ್ಳುವುದು ಉಪವಾಸದ ತಿಂಗಳಿಗೆ ಮುಂಚೆ. ಕರಿದದ್ದು, ಸಿಹಿ, ಬೇಕರಿ — ಎಲ್ಲಕ್ಕೂ ಅದೇ ಎಣ್ಣೆ. ಈ ಸಲ ರಂಜಾನ್ ಫೆಬ್ರವರಿ ನಡುವಿನಲ್ಲೇ ಬಂತು. ಅಂದ ಮೇಲೆ ಹಡಗು ತುಂಬಿದ್ದು ಡಿಸೆಂಬರ್, ಜನವರಿಯಲ್ಲಿ. ಜನವರಿ ಅಂಕಿ ನೋಡಿದೆ — ಉಬ್ಬಿ ಕೂತಿದೆ. ಹಬ್ಬದ ಸಂತೆ ಮುಗಿದ ಮೇಲೆ ಬಂದು, ಅಂಗಡಿ ಖಾಲಿ, ಊರೇ ಹಾಳಾಯಿತು ಎಂದರೆ ಹೇಗೆ?

ನಿರಂಜನ್‌ಗೆ ಹೇಳಿದೆ. ಕುರ್ಚಿಯಿಂದ ಏಳಲೂ ಇಲ್ಲ.

"ಅಷ್ಟೂ ಗೊತ್ತಿಲ್ವಾ ನಮ್ಗೆ? ಕ್ಯಾಲೆಂಡರ್ ಆಗ್ಲೇ ಮಾಡೆಲ್‌ನಲ್ಲಿದೆ. ಹಬ್ಬ ಜಾರೋದನ್ನ ನಾನೇ ಸೆಟ್ ಮಾಡಿದೀನಿ, ಮೂರು ವರ್ಷದ ಹಿಂದೆ. ಹಬ್ಬದ ಎಫೆಕ್ಟ್ ತೆಗೆದ ಮೇಲೂ ನಂಬರ್ ಬಿದ್ದಿದೆ. ಡೋಂಟ್ ಓವರ್‌ಥಿಂಕ್."

ಮಾಡೆಲ್ ಎಂದರೆ ಯಾವ ತಿಂಗಳು ಎಷ್ಟು ಸರಕು ಹೋಗಬೇಕೆಂದು ಅಂದಾಜು ಹಾಕುವ ಕಂಪ್ಯೂಟರ್ ಲೆಕ್ಕ; ನಾನು ಹೇಳುವ ಮುಂಚೆಯೇ ಹಬ್ಬವನ್ನು ಅದರಲ್ಲಿ ಹಿಡಿದಿದ್ದಾರೆ. ಆದರೂ ಅರ್ಧಕ್ಕೆ ಇಳಿದಿದೆ. ಹಾಗಿದ್ದರೆ ನಾನೇ ತಪ್ಪು.

ಆದರೆ ಜನವರಿ ಯಾಕೆ ಉಬ್ಬಿತು? ಹೇಗೆ ಸೆಟ್ ಮಾಡಿದ್ದೀರಿ ಎಂದು ಕೇಳಿದೆ. "ಅದೆಲ್ಲ ನಿಮಗೆ ಯಾಕೆ, ನೀವು ಬರೀರಿ," ಎಂದು ನಕ್ಕರು. ಆ ನಗು ಕಂಡರೆ ನನಗೆ ಮೈ ಉರಿಯುತ್ತದೆ.


ಮಾರ್ಚ್ 7, ಶನಿವಾರ. ಟ್ರಾಯ್

ಬೆಳಿಗ್ಗೆ ಹೊರಟು ಮಧ್ಯಾಹ್ನ ತಲುಪಿದೆ. ಐ-94 ಹೆದ್ದಾರಿ ತುಂಬ ಟ್ರಕ್ಕುಗಳು. ತಿಂಗಳಿಗೆ ಎರಡು ಸಲ ಈ ಓಡಾಟ. ಗಂಡ ಕಲ್ಮೇಶ್ ಅವರ ಕೆಲಸ ಪಕ್ಕದೂರು ಆಬರ್ನ್ ಹಿಲ್ಸ್‌ನಲ್ಲಿ, ಮನೆ ಇಲ್ಲಿ. ನನ್ನ ಕೆಲಸ ಶಿಕಾಗೋದಲ್ಲಿ, ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ನೇಪರ್‌ವಿಲ್‌ನಲ್ಲಿ. ಅತ್ತೆ ಗಂಗವ್ವ ಅಕ್ಟೋಬರ್‌ನಲ್ಲಿ ಬಂದವರು ಇಲ್ಲೇ ಇದ್ದಾರೆ.

ಊಟಕ್ಕೆ ಕೂತಾಗ ಆಫೀಸಿನ ಕತೆ ತೆಗೆದೆ. ತೆಗೆಯಬಾರದಿತ್ತು.

"ಅಲ್ಲ ಲತಾ," ಎಂದರು ಕಲ್ಮೇಶ್, "ಅವರು ರಂಜಾನ್ ಯಾವಾಗರ ಮಾಡ್ಲಿ, ಎಣ್ಣಿ ಎಷ್ಟರ ತರಿಸ್ಕೊಳ್ಳಿ. ನಿಂದೇನ ಗಂಟು ಹೋಗ್ತೈತಿ? ಬಾಸ್ ಬರಿ ಅಂದ್ರ ಬರದ ಬಿಡು."

"ಸುಳ್ಳು ಅಂತ ಗೊತ್ತಿದ್ದೂ ಬರೀಬೇಕೇನ್ರೀ?"

"ಸುಳ್ಳು ಅಂತ ನಿನಗರ ಎಲ್ಲಿ ಗೊತ್ತೈತಿ?"

ಅದೂ ನಿಜವೇ. ಅದಕ್ಕೇ ಇನ್ನೂ ಸಿಟ್ಟು ಬಂತು.

ಅತ್ತೆ ರೊಟ್ಟಿ ಮುರಿಯುತ್ತ ಕೇಳಿದರು: "ಯಾವ ಎಣ್ಣೀದು ಇದು ಜಗಳ? ಸೊಸೈಟ್ಯಾಗ ಕೊಡ್ತಿದ್ರಲ್ಲ, ಆ ಪಾಮ್ ಎಣ್ಣಿ? ಅದನ್ನ ನಾ ದೀಪಕ್ಕೂ ಹಾಕಿಲ್ಲ. ಶೇಂಗಾ ಎಣ್ಣಿಗಾಗಿ ಹೊಡದಾಡಿದ್ರ ನಾನೂ ಬರ್ತಿದ್ದೆ."

ನಗು ಬಂತು. ಕಲ್ಮೇಶ್ ಮಾತ್ರ ನಗಲಿಲ್ಲ. ಕೈ ತೊಳೆದು ಬಂದು ಹಳೆಯ ಮಾತನ್ನೇ ತೆಗೆದರು: ಆ ಕೆಲಸ ಬಿಟ್ಟು ಇಲ್ಲಿಗೆ ಬಾ, ಎರಡು ಮನೆ ಯಾಕೆ, ಇಲ್ಲಿ ಏನು ಕಡಿಮೆಯಾಗಿದೆ?

ಏನು ಕಡಿಮೆ? ಒಂಬತ್ತು ವರ್ಷ ಈ ಬಡಾವಣೆಯಲ್ಲಿ ಕೆಲಸ ಮಾಡುವ ಪರ್ಮಿಟ್ ಇಲ್ಲದೆ ಕೂತಿದ್ದೆ. ಎಂಎ ಎಕನಾಮಿಕ್ಸ್ ಕಪಾಟಿನಲ್ಲಿ. ನಾನು ಮಾಡಿದ್ದು ಮಗಳನ್ನು ಶಾಲೆಗೆ ಬಿಡುವುದು, ಭಾರತೀಯ ಟೆಂಪಲ್‌ಗೆ ಪ್ರಸಾದ ಕೊಡುವುದು, ಊರಿಂದ ಬಂದ ಎಲ್ಲರನ್ನೂ ಏರ್‌ಪೋರ್ಟಿನಿಂದ ಕರೆತರುವುದು. 'ಕಲ್ಮೇಶ್ ಅವರ ಮಿಸೆಸ್.' ನನಗೊಂದು ಹೆಸರಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗ್ರೀನ್ ಕಾರ್ಡ್ ಬಂತು, ಮಗಳು ಕಾಲೇಜಿಗೆ ಹೋದಳು, ನಾನು ಈ ಕೆಲಸ ಹಿಡಿದೆ. ಈಗ ವರದಿಯ ಕೆಳಗೆ ಶ್ರೀಲತಾ ಎಂದು ಅಚ್ಚಾಗುತ್ತದೆ.

ಕೆಲಸ ಹೋದರೆ ದೇಶ ಬಿಡಬೇಕಿಲ್ಲ. ನೇಪರ್‌ವಿಲ್ ಬಿಡಬೇಕು. ಮತ್ತೆ ಮಿಸೆಸ್ ಆಗಬೇಕು. ಆಗಲಾರೆ.


ಮಾರ್ಚ್ 12, ಗುರುವಾರ

ವರದಿಯ ಮೊದಲ ಡ್ರಾಫ್ಟ್ ಬರೆದೆ. ಹೆಡ್‌ಲೈನ್: 'ಫೆಬ್ರವರಿಯಲ್ಲಿ ಇಳಿಕೆ, ಕಾರಣ ಹೇಳಲು ಇನ್ನೂ ಕಾಲ ಬಂದಿಲ್ಲ.' ನಿರಂಜನ್ ಕೆಂಪಿನಲ್ಲಿ ಹೊಡೆದು ವಾಪಸ್ ಕಳಿಸಿದರು. ಮೇಲೆ ತಾವೇ ಬರೆದಿದ್ದಾರೆ — 'ಒಪ್ಪಂದ ಮುರಿದುಬಿತ್ತು.'

ಯಾರಿಗೆ ಇದರಿಂದ ನಷ್ಟ? ನಮ್ಮ ಗಿರಾಕಿಗಳಿಗೆ. ಚಿಪ್ಸ್ ಕಂಪನಿ, ಬಿಸ್ಕತ್ ಕಂಪನಿ, ಸೋಪಿನವರು. ಕಪ್ಪೆಣ್ಣೆಯವರು ಕೊಳ್ಳುವುದು ನಿಲ್ಲಿಸಿದರೆ ತಾಳೆ ಎಣ್ಣೆ ಅಗ್ಗವಾಗುತ್ತದೆ ಎಂದು ಇವರು ಖರೀದಿ ಮುಂದೂಡುತ್ತಾರೆ. ಅಗ್ಗವಾಗದೆ ಹೋದರೆ? 'ಯಾರು ಹೇಳಿದ್ದು?' ಎಂದು ತಿರುಗಿಸಿ ನೋಡುತ್ತಾರೆ. ಕೆಳಗೆ ನನ್ನ ಹೆಸರಿರುತ್ತದೆ.

ತನಿಷಾ ಮಧ್ಯಾಹ್ನ ಡೆಸ್ಕಿಗೆ ಬಂದಳು. ಹೋದ ಬೇಸಿಗೆಯಲ್ಲಿ ಸೇರಿದ ಹುಡುಗಿ, ಇಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅವಳಿಗೆ ಆಫೀಸಿನಲ್ಲಿ ನಾನು 'ಶ್ರೀ', ಕೂಟದಲ್ಲಿ 'ಆಂಟಿ'.

"ಆರ್ ಯೂ ಗೈಸ್ ಫೈಟಿಂಗ್?"

"ಇಲ್ಲಮ್ಮ. ಲೆಕ್ಕ ಮಾಡ್ತಾ ಇದೀವಿ."

"ಲೌಡ್ ಮ್ಯಾಥ್," ಎಂದು ಹೋದಳು.


ಮಾರ್ಚ್ 21, ಶನಿವಾರ

ಸಿಕ್ಕಿತು. ಸಿಕ್ಕಿತು. ಸಿಕ್ಕಿತು!

ಕೂಟದ ಯುಗಾದಿ ಇವತ್ತು. ಹಬ್ಬ ಗುರುವಾರವೇ ಆಯಿತು, ಆದರೆ ಇಲ್ಲಿ ಎಲ್ಲ ಹಬ್ಬವೂ ಶನಿವಾರ. ಹೈಸ್ಕೂಲ್ ಆಡಿಟೋರಿಯಂ, ಇಂಡಿಯನ್ ಸ್ಟೋರಿನ ಬೇವಿನ ಪುಡಿ, ಒಣಗಿದ ಹೋಳಿಗೆ. ನಿರಂಜನ್ ರೇಷ್ಮೆ ಪಂಚೆ, ಶಲ್ಯ ಹೊದ್ದು ಸ್ಟೇಜ್ ಮೇಲೆ. ಪಂಚಾಂಗ ಶ್ರವಣ ಪ್ರತಿ ವರ್ಷ ಅವರದೇ. ಐಪ್ಯಾಡ್ ನೋಡಿಕೊಂಡು ಓದಿದರು. ಪರಾಭವ ನಾಮ ಸಂವತ್ಸರ. ಮಳೆ ಇಷ್ಟು, ಬೆಳೆ ಇಷ್ಟು. ಯಾವ ರಾಶಿಗೆ ಏನು. ನಾನು ಕೂಟದ ಹಿರಿಯರಾದ ಜಯದೇವಿ ಆಂಟಿ ಪಕ್ಕ ಕೂತು ಆಕಳಿಸುತ್ತಿದ್ದೆ.

ಆಮೇಲೆ ಅವರು ಹೇಳಿದರು:

"ಈ ವರ್ಷ ಅಧಿಕ ಜ್ಯೇಷ್ಠ ಮಾಸ ಬರುತ್ತೆ. ಹಾಗಾಗಿ ಗಣೇಶ, ದಸರಾ, ದೀಪಾವಳಿ ಎಲ್ಲಾ ಲೇಟು. ನೋಡಿ ನಮ್ಮ ಹಿರಿಯರ ಬುದ್ಧಿ! ಚಂದ್ರನ ವರ್ಷ ಚಿಕ್ಕದು, ಹಬ್ಬಗಳು ಹಿಂದಕ್ಕೆ ಜಾರ್ತಾ ಹೋಗ್ತವೆ. ಮೂರು ವರ್ಷಕ್ಕೊಂದು ತಿಂಗಳು ಸೇರಿಸಿ ಮತ್ತೆ ಜಾಗಕ್ಕೆ ತಂದು ಕೂರಿಸಿದ್ರು. ಇದೇ ಲೆಕ್ಕನ ನಾನು ನಮ್ಮ ಕಂಪನಿ ಮಾಡೆಲ್‌ಗೂ ಹಾಕಿದೀನಿ. ಇಂಡಿಯಾ, ಗಲ್ಫ್, ಎಲ್ಲದಕ್ಕೂ ಒಂದೇ ಫಾರ್ಮುಲಾ. ಈ ಅಮೆರಿಕದವರಿಗೆ ಇದೆಲ್ಲ ಎಲ್ಲಿ ಗೊತ್ತು?"

ಚಪ್ಪಾಳೆ. ನನ್ನ ಆಕಳಿಕೆ ಅರ್ಧಕ್ಕೇ ನಿಂತಿತು.

ಗಲ್ಫ್‌ಗೂ!

ರಂಜಾನ್‌ಗೆ ಅಧಿಕಮಾಸವಿಲ್ಲ. ಅದು ಪ್ರತಿ ವರ್ಷ ಹಿಂದೆ ಹಿಂದೆ ಬರುತ್ತಲೇ ಇರುತ್ತದೆ, ಎಂದೂ ಮುಂದಕ್ಕೆ ಹಾರುವುದಿಲ್ಲ. ಗದಗಿನಲ್ಲಿ ಬೆಳೆದ ಯಾರಿಗಾದರೂ ಇದು ಗೊತ್ತು. ಚಳಿಗಾಲದ ರಂಜಾನ್ ನೋಡಿದ್ದೇವೆ, ಉರಿಬಿಸಿಲಿನದೂ ನೋಡಿದ್ದೇವೆ. ನಮ್ಮ ಯುಗಾದಿ ಯಾವತ್ತಾದರೂ ಚಳಿಗಾಲದ ನಡುವೆ ಬಂದದ್ದುಂಟೇ?

ಮೂರು ವರ್ಷದ ಹಿಂದೆ ಸೆಟ್ ಮಾಡಿದೆ ಎಂದಿದ್ದರಲ್ಲ — 2023. ಆ ವರ್ಷ ಯುಗಾದಿಯ ಮರುದಿನವೇ ರಂಜಾನ್ ಶುರು. ಚೆನ್ನಾಗಿ ನೆನಪಿದೆ: ಟ್ರಾಯ್‌ನ ಪಕ್ಕದ ಮನೆಯ ಆಂಟಿಗೆ ಹೋಳಿಗೆ ಕೊಡಲು ಹೋದರೆ, ನಾಳೆಯಿಂದ ರೋಜಾ, ಉಪವಾಸ ಎಂದು ನಿಂತಲ್ಲೇ ತಿಂದಿದ್ದರು. ನಿರಂಜನ್ ಆ ಎರಡನ್ನೂ ಒಂದೇ ದಾರಕ್ಕೆ ಕಟ್ಟಿದ್ದಾರೆ. ಆಮೇಲೆ ನಮ್ಮದು ಅಧಿಕಮಾಸ ಬಿದ್ದು ಮುಂದಕ್ಕೆ ಹೋಯಿತು. ಅವರದು ಹಿಂದಕ್ಕೇ ನಡೆಯಿತು. ಒಪ್ಪಂದಕ್ಕೆ ಮುಂಚೆ ಈ ಸರಕಿನ ಮೇಲೆ ಯಾರೂ ಕಣ್ಣಿಟ್ಟಿರಲಿಲ್ಲ, ತಪ್ಪು ಕಾಣಲಿಲ್ಲ. ಈಗ ಮಾಡೆಲ್ ಏನು ತಿಳಿದಿದೆ? ಯುಗಾದಿ ಬಂತು, ಇನ್ನು ಉಪವಾಸ ಶುರು ಎಂದು! ನಿನ್ನೆ ಈದ್ ಮುಗಿದಿದೆ. ಆಫೀಸಿನಲ್ಲಿ ಡಬ್ಬಿ ತುಂಬ ಸಿಹಿ ಇತ್ತು. ಮಾಡೆಲ್ ಮಾತ್ರ ಫೆಬ್ರವರಿಯಲ್ಲಿ ಹಬ್ಬದ ಹಡಗಿಗೆ ಕಾಯುತ್ತ ಕೂತು, ಹಡಗು ಬರಲಿಲ್ಲ, ಒಪ್ಪಂದ ಸತ್ತಿತು ಎನ್ನುತ್ತಿದೆ.

ಅಮೆರಿಕದವರು ಈ ತಪ್ಪು ಮಾಡುತ್ತಿರಲಿಲ್ಲ. ಅವರು ಹಬ್ಬವನ್ನೇ ಮರೆಯುತ್ತಿದ್ದರು. ಹಬ್ಬ ಸುತ್ತಿ ಬಳಸಿ ಜಾಗಕ್ಕೆ ಬಂದೇ ಬರುತ್ತದೆ ಎಂಬ ನಂಬಿಕೆ ನಮಗೇ ಇರುವುದು.

'ಪ್ರಶ್ನೆ ಇದ್ರೆ ಕೇಳಬಹುದು' ಎಂದು ಅವರೇ ಅಂದರು. ಎದ್ದು ನಿಂತೆ.

"ನಿರಂಜನ್ ಅವರ, ರಂಜಾನ್‌ಗೂ ಅಧಿಕಮಾಸ ಐತೇನ್ರೀ?"

ಸಭೆಯಲ್ಲಿ ನಗು. ಸಿಟ್ಟೋ ಖುಷಿಯೋ ಹೆಚ್ಚಾದರೆ ನನ್ನ ಬಾಯಿಗೆ ಗದಗ ಬಂದುಬಿಡುತ್ತದೆ.

"ಇಲ್ಲ... ಅವರದು ಬೇರೆ ಥರ," ಎಂದರು.

"ಮತ್ತ ಗಲ್ಫ್‌ಗೂ ನಮ್ಮ ಪಂಚಾಂಗ ಹಾಕೇನಿ ಅಂದ್ರಲ್ಲ ಈಗ?"

ಇನ್ನೂ ದೊಡ್ಡ ನಗು. ಆ ನಗುವಿನ ನಡುವೆ ಅವರು ಐಪ್ಯಾಡ್ ಮುಚ್ಚಿದರು. ಅವರಿಗೆ ಅರ್ಥವಾಗಿತ್ತು. ಆ ಕ್ಷಣದಲ್ಲೇ ಅರ್ಥವಾಗಿತ್ತು, ನಾನು ನೋಡಿದೆ. ಜಯದೇವಿ ಆಂಟಿ ನನ್ನ ಸೆರಗು ಎಳೆದು, "ಕೂತ್ಕೊಳ್ಳೇ ಮಾರಾಯ್ತಿ, ಹಬ್ಬದ ದಿನ," ಎಂದರು. ಕೂತೆ. ಹೋಳಿಗೆ ಮಾತ್ರ ಎರಡು ತಿಂದೆ.


ಮಾರ್ಚ್ 23, ಸೋಮವಾರ

ಕ್ಯಾಬಿನ್‌ಗೆ ಕರೆದರು. ಬಾಗಿಲು ಹಾಕಿದರು.

"ಅಷ್ಟು ಜನರ ಮುಂದೆ ಅವಮಾನ ಮಾಡೋ ಅಗತ್ಯ ಇರಲಿಲ್ಲ. ಆಫೀಸ್ ವಿಷಯ ಆಫೀಸಲ್ಲಿ ಕೇಳಬಹುದಿತ್ತು."

"ಕೇಳಿದ್ದೆ. ಕ್ಯಾಲೆಂಡರ್ ಆಗಲೇ ಮಾಡೆಲ್‌ನಲ್ಲಿದೆ, ನೀವು ಬರೀರಿ ಅಂದ್ರಿ."

ದನಿ ಇಳಿಸಿದರು. "ನೋಡಿ, ನೀವು ಹೇಳೋದ್ರಲ್ಲಿ ಒಂದು ಪಾಯಿಂಟ್ ಇದೆ. ಇಲ್ಲ ಅನ್ನಲ್ಲ. ಆದ್ರೆ ಡೈರೆಕ್ಟರ್‌ಗೆ ಹೆಡ್‌ಲೈನ್ ಹೇಳಿಬಿಟ್ಟಿದೀನಿ. ಗಿರಾಕಿಗಳಿಗೆ ವೆಬಿನಾರ್ ಇನ್ವೈಟ್ ಹೋಗಿದೆ. ಈಗ ಹೋಗ್ಲಿ. ಬೇಸಿಗೆ ಅಪ್‌ಡೇಟ್‌ನಲ್ಲಿ ಮೆಲ್ಲಗೆ ಸರಿ ಮಾಡೋಣ."

"ಯಾರ ಹೆಸರಿನಲ್ಲಿ ಹೋಗುತ್ತೆ?"

"ನಿಮ್ಮದೇ. ನಿಮ್ಮ ಜೋಡಿ ಅಲ್ವಾ ಅದು?"

ಅಲ್ಲಿಗೆ ಬಂತು! ತಪ್ಪು ಅವರದು, ಗೂಬೆ ನನ್ನ ತಲೆ ಮೇಲೆ. ಬೇಸಿಗೆಯಲ್ಲಿ 'ಶ್ರೀಲತಾ ಅವರ ಅಂದಾಜು ತಪ್ಪಿತ್ತು, ನಾವು ಸರಿಪಡಿಸಿದೆವು' ಎಂದು ಅದೇ ರೇಷ್ಮೆ ನಗು ನಗುತ್ತಾರೆ.

"ಹಾಕಂಗಿಲ್ಲ," ಎಂದೆ. "ನನ್ನ ಹೆಸರು ಹಾಕಂಗಿಲ್ಲ. ನಿಮ್ಮದು ಹಾಕ್ಕೋರಿ."

"ಯೋಚನೆ ಮಾಡಿ ಹೇಳಿ ಶ್ರೀಲತಾ. ಒಂಬತ್ತು ವರ್ಷ ಗ್ಯಾಪ್ ಇದ್ದೋರನ್ನ ನಾನು ನಂಬಿ ತಗೊಂಡಿದ್ದು."

ಯೋಚನೆ ಮಾಡಿದ್ದೇನೆ. ಹಾಕುವುದಿಲ್ಲ.


ಮಾರ್ಚ್ 25, ಬುಧವಾರ

ಜಯದೇವಿ ಆಂಟಿ ಫೋನ್. ಮೊದಲು ಹಪ್ಪಳದ ಮಾತು, ಆಮೇಲೆ ವಿಷಯ. "ಅವ್ರಿಗೊಂದು ಸಾರಿ ಹೇಳ್ಬಿಡಮ್ಮ. ದೊಡ್ಡ ಮನುಷ್ಯರು. ನಾಳೆ ನಿನ್ನ ಮಗಳ ಇಂಟರ್ನ್‌ಶಿಪ್‌ಗೂ ಬೇಕಾಗ್ತಾರೆ."

"ಆಂಟಿ, ನಾನು ಕೇಳಿದ್ದು ಸರಿಯೋ ತಪ್ಪೋ?"

"ಸರಿ ತಪ್ಪು ಯಾರಿಗೆ ಬೇಕೇ? ಅವ್ರು ಸ್ಟೇಜ್ ಮೇಲಿದ್ದಾಗ ಕೇಳಿದ್ಯಲ್ಲ."

ಕೂಟದ ವಾಟ್ಸಾಪ್ ಗುಂಪಿನಲ್ಲಿ ಯಾರೋ 'ಹಿರಿಯರನ್ನು ಗೌರವಿಸುವುದು ನಮ್ಮ ಸಂಸ್ಕೃತಿ' ಎಂದು ಹೂವಿನ ಚಿತ್ರ ಹಾಕಿದ್ದಾರೆ. ಯಾರಿಗೆ ಎಂದು ಬರೆದಿಲ್ಲ. ಕೆಳಗೆ ಕೈ ಮುಗಿದ ಚಿಹ್ನೆಗಳ ಸಾಲು. ನಾನೂ ಒಂದು ಕೈ ಮುಗಿದೆ. ಹೊಟ್ಟೆ ಉರಿದುಕೊಳ್ಳಲಿ.

ಕಲ್ಮೇಶ್‌ಗೆ ಹೇಳಿದೆ. "ಅಂದ್ರ ನೀ ಹೇಳಿದ್ದು ಖರೇನ ಆತು," ಎಂದರು. ಆಮೇಲೆ: "ಆದರೂ ಇಷ್ಟ ಜಿದ್ದು ಛಲೋ ಅಲ್ಲ."


ಮಾರ್ಚ್ 27, ಶುಕ್ರವಾರ

ವರದಿ ಇವತ್ತು ಹೊರಗೆ ಬಂತು. 'ಒಪ್ಪಂದ ಮುರಿದುಬಿತ್ತು.' ನನ್ನ ಹೆಸರಿಲ್ಲ. ಗೆದ್ದೆ ಎಂದುಕೊಂಡು ಕೆಳಗೆ ಇಳಿದು ನೋಡಿದರೆ — ತನಿಷಾ.

ತನಿಷಾಳ ಹೆಸರು ಹಾಕಿದ್ದಾರೆ.

ಆ ಹುಡುಗಿ ಈ ಜೋಡಿಯ ಮೇಲೆ ಒಂದು ದಿನವೂ ಕೆಲಸ ಮಾಡಿಲ್ಲ. ಹುಡುಕಿದೆ. ಊಟದ ಕೋಣೆಯಲ್ಲಿ ಸಲಾಡ್ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದಳು, ತಿಂದಿರಲಿಲ್ಲ.

"ಯಾಕೆ ಒಪ್ಪಿಕೊಂಡೆ?"

"ಹೀ ಸೆಡ್ ಇಟ್ಸ್ ಅ ಬಿಗ್ ಆಪರ್ಚುನಿಟಿ." ತಲೆ ಎತ್ತಲಿಲ್ಲ. "ಅಪ್ಪ ವಾಸ್ ಸೋ ಪ್ರೌಡ್. ಹೀ ಫಾರ್ವರ್ಡೆಡ್ ಇಟ್ ಟು ಎವ್ರಿಬಡಿ."

"ತನಿಷಾ, ಅದು ತಪ್ಪು ವರದಿ."

"ಐ ನೋ. ಐ ವಾಸ್ ದೇರ್ ಆನ್ ಸ್ಯಾಟರ್ಡೇ, ಆಂಟಿ. ಎವ್ರಿಬಡಿ ಲಾಫ್ಡ್." ಆಫೀಸಿನಲ್ಲಿ ಮೊದಲ ಸಲ ಆಂಟಿ ಎಂದಳು. "ಐ ಕಾಂಟ್ ಸೇ ನೋ ಟು ಹಿಮ್. ಯೂ ಕ್ಯಾನ್. ಐ ಕಾಂಟ್."

ನನ್ನ ಹೆಸರು ಉಳಿಸಿಕೊಂಡು ಕೊಡೆ ಹಿಡಿದು ನಿಂತೆ, ಮಳೆ ಈ ಮಗುವಿನ ಮೇಲೆ ಬಿತ್ತು. ಮಂಗಳವಾರ ವೆಬಿನಾರ್. ಗಿರಾಕಿಗಳ ಮುಂದೆ ಇದನ್ನು ಅವಳೇ ಓದಬೇಕಂತೆ.

ಡೈರೆಕ್ಟರ್‌ಗೆ ಮೇಲ್ ಬರೆದೆ. ಎಲ್ಲ ವಿವರಿಸಿ, ಎರಡು ಹಬ್ಬಗಳ ತಾರೀಖುಗಳನ್ನೂ ಹಾಕಿ. ಸಂಜೆ ಉತ್ತರ: 'ಥ್ಯಾಂಕ್ಸ್. ನಿರಂಜನ್ ಜೊತೆ ಮಾತಾಡಿ. ಕ್ಯಾಲೆಂಡರ್ ವಿಷಯದಲ್ಲಿ ಅವರೇ ನಮ್ಮ ಎಕ್ಸ್‌ಪರ್ಟ್.'

ನಗಬೇಕೋ ಅಳಬೇಕೋ ತಿಳಿಯದೆ ಅಪಾರ್ಟ್‌ಮೆಂಟಿಗೆ ಬಂದು ಪಾತ್ರೆ ತೊಳೆದೆ.


ಮಾರ್ಚ್ 31, ಮಂಗಳವಾರ. ಮಧ್ಯಾಹ್ನ

ಮಾಡಿಬಿಟ್ಟೆ.

ಇವತ್ತು ಮನೆಯಿಂದಲೇ ಕೆಲಸ. ವೆಬಿನಾರ್‌ನಲ್ಲಿ ನಾನು ಬರೀ ಕೇಳುವವಳು. ತನಿಷಾ ಓದುತ್ತಿದ್ದಳು. ದನಿ ಸಣ್ಣ. ಮೂರನೆಯ ಸ್ಲೈಡಿಗೆ ಚಿಪ್ಸ್ ಕಂಪನಿಯ ಖರೀದಿ ವಿಭಾಗದ ಹೆಂಗಸು ತಡೆದು ಕೇಳಿದಳು: ಹಬ್ಬದ ಖರೀದಿ ಮುಗಿದಿದ್ದರಿಂದ ಇಳಿದಿರಬಹುದಲ್ಲವೇ? ಇದನ್ನು ನೋಡಿದ್ದೀರಾ?

ತನಿಷಾ ಹಿಂದಿನ ಸ್ಲೈಡಿಗೆ ಹೋದಳು, ಮತ್ತೆ ಮುಂದಿನದಕ್ಕೆ ಬಂದಳು. ನಿರಂಜನ್ ಬಾಯಿ ಹಾಕಿ, ಇದರ ಪೂರ್ತಿ ಜವಾಬ್ದಾರಿ ತನಿಷಾ ಅವರದು, ಅವರೇ ಹೇಳುತ್ತಾರೆ ಎಂದರು. ಎಷ್ಟು ನಯ! ತಾವೇ ಹಾಕಿದ ಗಂಟು, ಬಿಡಿಸಲು ಆ ಕೂಸು.

ಪರದೆಯ ಮೇಲೆ ಅವಳ ಮುಖ ನೋಡಿದೆ. ಮೈಕ್ ಆನ್ ಮಾಡಿದೆ.

"ನಾನು ಶ್ರೀಲತಾ. ಮೊನ್ನೆವರೆಗೂ ಈ ವರದಿ ನನ್ನದಾಗಿತ್ತು. ತನಿಷಾ ಇದನ್ನು ಬರೆದಿಲ್ಲ. ನಿಮ್ಮ ಪ್ರಶ್ನೆ ಸರಿ. ನಮ್ಮ ಮಾಡೆಲ್ ರಂಜಾನ್ ಅನ್ನು ಒಂದು ತಿಂಗಳು ತಡವಾಗಿ ಇಟ್ಟುಕೊಂಡಿದೆ. ಅದಕ್ಕೇ ಜನವರಿ ಉಬ್ಬಿದೆ, ಫೆಬ್ರವರಿ ಬಿದ್ದಿದೆ. ಎರಡನ್ನೂ ಕೂಡಿಸಿ ಹೋದ ವರ್ಷದ ಹಬ್ಬದ ಖರೀದಿಯ ಜೊತೆ ಹೋಲಿಸಿ ನೋಡಿ. ಒಪ್ಪಂದ ಸತ್ತಿಲ್ಲ. ಗಟ್ಟಿಯಾಗಿದೆ."

ಇಂಗ್ಲಿಷಿನಲ್ಲೇ ಹೇಳಿದೆ, ಒಂದೂ ತಪ್ಪಿಲ್ಲದೆ. ಡೈರೆಕ್ಟರ್ ಕೆಮ್ಮಿದರು. ಹೆಂಗಸು, ದಯವಿಟ್ಟು ಇದನ್ನು ಬರವಣಿಗೆಯಲ್ಲಿ ಕಳಿಸಿ ಎಂದಳು. ನಿರಂಜನ್ "ಲೆಟ್ಸ್ ಟೇಕ್ ಇಟ್ ಆಫ್‌ಲೈನ್" ಎಂದರು, ಅಂದರೆ ಇಲ್ಲಿ ಬೇಡ ಎಂದು. ನನ್ನ ಕನೆಕ್ಷನ್ ಕಟ್. ತಾನಾಗಿ ಹೋದದ್ದಲ್ಲ, ಕತ್ತರಿಸಿದ್ದು.

ಹಸಿವಾಗಿದೆ, ಆಶ್ಚರ್ಯ. ಅವಲಕ್ಕಿ ಮಾಡಿಕೊಳ್ಳುತ್ತೇನೆ.


ಏಪ್ರಿಲ್ 2, ಗುರುವಾರ

ಕೆಲಸ ಹೋಯಿತು.

ಎಚ್‌ಆರ್ ಹುಡುಗಿ ಪಾಪ, ನನಗಿಂತ ಹೆಚ್ಚು ಹೆದರಿದ್ದಳು. ಒಂದು ಹಾಳೆ ಮುಂದಿಟ್ಟಳು. ನಾನು ವೆಬಿನಾರ್‌ನಲ್ಲಿ ಆಡಿದ ಮಾತು ತಪ್ಪು ತಿಳಿವಳಿಕೆಯಿಂದ ಆಡಿದ್ದು ಎಂದು ಒಪ್ಪಿ ಸಹಿ ಮಾಡಿದರೆ ಮೂರು ತಿಂಗಳ ಸಂಬಳ ಮತ್ತು ಒಳ್ಳೆಯ ರೆಫರೆನ್ಸ್. ಮಾಡದಿದ್ದರೆ ಎರಡೂ ಇಲ್ಲ.

ಪೆನ್ನು ಅವಳಿಗೇ ವಾಪಸ್ ಕೊಟ್ಟೆ.

ಡೆಸ್ಕಿನ ಸಾಮಾನು ಚೀಲಕ್ಕೆ ತುಂಬಿದೆ. ನಿರಂಜನ್ ಕ್ಯಾಬಿನ್ ಬಾಗಿಲು ಮುಚ್ಚಿತ್ತು, ಒಳಗೆ ದೀಪವಿತ್ತು. ತಟ್ಟಿ 'ಬರ್ತೀನ್ರೀ' ಎಂದು ಹೇಳಿಯೇ ಬಂದೆ.

ರೈಲಿನಲ್ಲಿ ಸ್ವಲ್ಪ ಅತ್ತೆ. ಬರೆದಿಡುತ್ತೇನೆ, ಸುಳ್ಳು ಯಾಕೆ. ಕಿಟಕಿ ಕಡೆ ಮುಖ ಮಾಡಿ ಅತ್ತೆ. ಈ ಕೆಲಸ ನನಗೆ ಬಹಳ ಇಷ್ಟವಿತ್ತು. ಬೆಳಿಗ್ಗೆ ಎದ್ದು, ಯಾವ ಹಡಗು ಎಲ್ಲಿ ತಲುಪಿತು ಎಂದು ನೋಡುವುದು ಎಷ್ಟು ಇಷ್ಟವಿತ್ತು.


ಏಪ್ರಿಲ್ 4, ಶನಿವಾರ

ಕಲ್ಮೇಶ್ ಬಂದರು. ದೊಡ್ಡ ಕಾರು ತಂದಿದ್ದಾರೆ, ಹಿಂದಿನ ಸೀಟು ಮಡಚಿ. ನನ್ನನ್ನು ಸಾಮಾನು ಸಮೇತ ಒಯ್ಯಲು. ಅತ್ತೆ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ.

"ನಡಿ," ಎಂದರು. "ಆತಲ್ಲ ಇನ್ನ. ಮನಿಗೆ ಹೋಗೂಣು."

"ಲೀಸ್ ಜುಲೈ ತನಕ ಐತ್ರೀ. ಇಲ್ಲೇ ಇದ್ದು ಬ್ಯಾರೆ ಕೆಲಸ ಹುಡುಕ್ತೀನಿ."

"ರೆಫರೆನ್ಸ್ ಇಲ್ಲ. ಯಾರು ಕೊಡ್ತಾರ?"

"ಕೊಡಲಿಕ್ಕಿಲ್ಲ. ಹುಡುಕೋದಂತೂ ಹುಡುಕ್ತೀನಿ."

ಜಗಳ. ದೊಡ್ಡ ಜಗಳ, ಪಕ್ಕದ ಮನೆಯವರು ಗೋಡೆ ಬಡಿಯುವಷ್ಟು. ಒಂಬತ್ತು ವರ್ಷದ ಮಾತೆಲ್ಲ ಬಾಯಿಗೆ ಬಂತು. ನಾನು ಮನೆಯಲ್ಲಿ ಕೂತಿದ್ದು ಅವರಿಗಾಗಿ, ಒಂದು ದಿನ ಕೇಳಿದ್ದಾರೆಯೇ ನಿನಗೆ ಹೇಗಿದೆ ಎಂದು? ಅಂದೆ. ಎಲ್ಲ ಅಂದೆ. ಅವರು ಸೋಫಾದ ಮೇಲೆ ಕೂತು ಕೇಳಿದರು.

ಆಮೇಲೆ ಊಟ. ರೊಟ್ಟಿ ಮುರಿಯುತ್ತ, ನನ್ನ ಕಡೆ ನೋಡದೆ, "ಆ ಹಾಳಿ ಮ್ಯಾಲೆ ಸಹಿ ಮಾಡ್ಲಿಲ್ಲಲ್ಲ," ಎಂದರು. "ನಾ ಆಗಿದ್ರ ಮಾಡಿ ಬರ್ತಿದ್ದೆ." ಇನ್ನೊಂದು ತುತ್ತು. "ಅವ್ವ ಕೇಳ್ಯಾಳ, ಆ ಹುಡಿಗಿ ಗತಿ ಏನಾತು ಅಂತ."

ಅದೇ ನನಗೂ ಚಿಂತೆ. ವರದಿ ಇನ್ನೂ ವೆಬ್‌ಸೈಟಿನಲ್ಲಿದೆ. ಅವಳ ಹೆಸರಿನಲ್ಲೇ.

ಖಾಲಿ ಕಾರು ನಾಳೆ ವಾಪಸ್ ಹೋಗುತ್ತದೆ.


ಏಪ್ರಿಲ್ 8, ಬುಧವಾರ

ನಿರಂಜನ್ ಫೋನ್. ಎತ್ತಲಿಲ್ಲ. ಮತ್ತೆ. ಎತ್ತಲಿಲ್ಲ. ಮೂರನೆಯದಕ್ಕೆ ಎತ್ತಿದೆ.

ಚಿಪ್ಸ್ ಕಂಪನಿಯವರು ಬಿಟ್ಟಿಲ್ಲವಂತೆ. ಡೈರೆಕ್ಟರ್‌ಗೆ ನೇರ ಬರೆದಿದ್ದಾರಂತೆ. ಬಿಸ್ಕತ್‌ನವರೂ. ಮಾಡೆಲ್ ಸರಿ ಮಾಡಿ ತೋರಿಸಬೇಕು, ಶುಕ್ರವಾರದ ಒಳಗೆ.

"ಶ್ರೀಲತಾ, ಹಳೇದೆಲ್ಲ ಬಿಡಿ. ಆ ಜೋಡಿನ ನಿಮ್ಮಷ್ಟು ಯಾರೂ ನೋಡಿಲ್ಲ. ಯಾವ ಸರಕು ಹಬ್ಬದ್ದು, ಯಾವುದು ಅಲ್ಲ ಅಂತ ಬೇರೆ ಮಾಡಿ ಕೊಡಿ. ಕನ್ಸಲ್ಟೆಂಟ್ ಅಂತ ತಗೋತೀನಿ. ಯಾರಿಗೂ ಗೊತ್ತಾಗಲ್ಲ."

ಯಾರಿಗೂ ಗೊತ್ತಾಗುವುದಿಲ್ಲ! ಇಷ್ಟಾದ ಮೇಲೂ!

"ವರದಿ ಮೇಲೆ ಯಾರ ಹೆಸರೈತ್ರೀ ಈಗ?"

"ಅದು ಬೇರೆ ವಿಷಯ," ಎಂದರು.

"ಆ ಹುಡುಗಿ ಹೆಸರು ತಗೀರಿ. ನಿಮ್ಮ ಹೆಸರು ಹಾಕ್ರಿ. ತಪ್ಪಾಗೇತಿ ಅಂತ ಅದರ ಕೆಳಗ ನೀವ ಬರೀರಿ. ಆಮ್ಯಾಲೆ ಫೋನ್ ಮಾಡ್ರಿ."

"ಅದು ಆಗಲ್ಲ. ನನ್ನ ಇಪ್ಪತ್ತು ವರ್ಷದ ಹೆಸರು..."

"ಅಕಿಗೂ ಒಂದು ಹೆಸರೈತ್ರೀ," ಎಂದು ಇಟ್ಟುಬಿಟ್ಟೆ.

ದುಡ್ಡು ಬೇಕಿತ್ತು. ಬಾಡಿಗೆ ಕಟ್ಟಬೇಕು. ಆದರೂ ಇಟ್ಟೆ. ಪಶ್ಚಾತ್ತಾಪ ಇದೆಯೇ ಎಂದು ಕೇಳಿಕೊಂಡೆ. ಇಲ್ಲ.


ಏಪ್ರಿಲ್ 10, ಶುಕ್ರವಾರ. ಬೆಳಿಗ್ಗೆ

ತನಿಷಾಳ ಮೆಸೇಜ್. ಮಾತಿಲ್ಲ, ಬರೀ ಫೋಟೋ. ದೊಡ್ಡದು ಮಾಡಿ ನೋಡಿದೆ.

ಅದೇ ವರದಿ. ಹೊಸ ತಾರೀಖು. ಹೆಡ್‌ಲೈನ್ ಮೇಲೆ ಕೆಂಪಿನಲ್ಲಿ 'ಹಿಂತೆಗೆದುಕೊಳ್ಳಲಾಗಿದೆ.' ಕೆಳಗೆ ಎರಡೇ ಸಾಲು: ರಂಜಾನ್ ತಾರೀಖನ್ನು ತಪ್ಪಾಗಿ ಹಾಕಿದ್ದರಿಂದ ಆದ ದೋಷ, ಮಾಡೆಲ್ ಮಾಡಿದವನು ನಾನು, ಜವಾಬ್ದಾರಿ ನನ್ನದು. ಅದರ ಕೆಳಗೆ ಒಂದೇ ಹೆಸರು, ನಿರಂಜನ್ ಅವರದು. ಉದ್ದ ಹೆಸರು, ತಂದೆಯ ಹೆಸರೂ ಸೇರಿ. ತನಿಷಾ ಎಲ್ಲೂ ಇಲ್ಲ.

ಎರಡು ಸಲ ಓದಿದೆ. ಒಬ್ಬಳೇ ಅಡುಗೆಮನೆಯಲ್ಲಿ ನಿಂತು ಜೋರಾಗಿ ಓದಿದೆ.

ಫೋನ್ ಹೊಡೆದುಕೊಳ್ಳುತ್ತಿದೆ. ನಿರಂಜನ್. ಹೇಳಿದಂತೆ ಮಾಡಿದ್ದಾರೆ, ಇನ್ನು ಎತ್ತಬೇಕು. ಎತ್ತುತ್ತೇನೆ. ಎತ್ತಿ ಮೊದಲು ಹೇಳುವುದು — ಕನ್ಸಲ್ಟೆಂಟ್ ಆದರೂ ಸರಿ, ಹೊಸ ವರದಿಯ ಕೆಳಗೆ ಇರಬೇಕಾದ ಹೆಸರು ನನ್ನದು: ಶ್ರೀಲತಾ.